ಅಜ್ಜಿಯ ರಾಗಿ ಒಟ್ಲು

ವಿಜಯನಗರದಲ್ಲಿ ಉಲ್ಲಾಳದ ಸಿಟಿ ಬಸ್ ಹತ್ತಿ ಒಂದು ಸೆಮಿನಾರಿಗೆ ಹೊರಟಿದ್ದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಮಡಿಲಲ್ಲಿ ಮಾರ್ಕೆಟ್ಟಿನಿಂದ ತಂದ ದಂಟಿನ ಸೊಪ್ಪಿತ್ತು. ನನ್ನ ಕೊರಳಿನ ಬ್ಯಾಡ್ಜ್ ನೋಡಿ ಎಲ್ಲಿಗೆ ಅಂತ ಕೇಳಿದರು. ಹೇಳಿದೆ.

"ಸೆಮಿನಾರ್ ಅಂದ್ರೇನವ್ವಾ?"

ನಾನು ಲೆಕ್ಚರರ್. ಕೇಳಿದರೆ ಚಿಕ್ಕದಾಗಿ ಹೇಳಿ ಮುಗಿಸೋ ಪೈಕಿ ಅಲ್ಲ. "ಮೂಲ ಲ್ಯಾಟಿನ್ ಅಜ್ಜಿ. ಬೀಜ ಚೆಲ್ಲಿ ಸಸಿ ಬೆಳೆಸೋ ಮಡಿ ಅಂತ ಅರ್ಥ. ಈಗ ಕೂತು ಮಾತಾಡೋದಕ್ಕೆ ಹಾಗಂತೀವಿ."

"ಒಟ್ಲು ಅನ್ನು" ಅಂದರು ಅಜ್ಜಿ. ನನ್ನ ಸ್ಟಾಪ್ ಹತ್ತಿರ ಬಂದಾಗ ಸೆಮಿನಾರ್ ನಡೆಯೋ ಗಾಜಿನ ಕಟ್ಟಡ ತೋರಿಸಿದರು.

"ಅಲ್ಲೇ ನಮ್ಮ ರಾಗಿ ಒಟ್ಲು ಇದ್ದಿದ್ದು. ಸಂಜೆ ನೀರು ಚಿಮುಕಿಸಿ ಬರಿಗಾಲಲ್ಲಿ ಬದಿಗೆ ನಿಂತ್ಕೊಂತಿದ್ದೆ. ಆ ತಂಪು ಇನ್ನೂ ಕಾಲಲ್ಲಿದೆ."

"ಇಳೀರಿ ಅಜ್ಜಿ, ಒಳಗೆ ಕರ್ಕೊಂಡು ಹೋಗ್ತೀನಿ."

"ಬ್ಯಾಡವ್ವಾ. ನಿಮ್ಮ ಒಟ್ಲಲ್ಲಿ ಎಷ್ಟು ದಿನಕ್ಕೆ ಪೈರು ಕಿತ್ತು ನೆಡ್ತೀರ?"

ಹತ್ತೊಂಬತ್ತು ವರ್ಷದಿಂದ ಸೆಮಿನಾರ್ ತಿರುಗ್ತಾ ಇರೋಳು ನಾನು. ಇಳಿದುಬಿಟ್ಟೆ.

ಒಳಗೆ ಕೊನೇ ಸಾಲಲ್ಲಿ ಕೂತು, ಯಾರಿಗೂ ಕಾಣದ ಹಾಗೆ ಚಪ್ಪಲಿ ಬಿಚ್ಚಿ ನೆಲಕ್ಕೆ ಕಾಲಿಟ್ಟೆ. ತಣ್ಣಗಿತ್ತು. ಎಸಿ ಇರಬೇಕು.