ಹಾಲಿನ ಚಪ್ಪಡಿಗೆ ಹೋಗುವ ದಾರಿ

ಸ್ಕಾಟ್ಲೆಂಡಿನ ಊರುಕೇರಿಗಳ ಹಳೆಯ ಗೇಲಿಕ್ ಭಾಷೆಯ ಹೆಸರುಗಳನ್ನು ಟೆಕ್ಸಾಸಿನಲ್ಲಿ ಬರೆದುಕೊಳ್ಳುವ ಕೆಲಸ ಮೈಸೂರಿನವಳಾದ ನನಗೆ ಹೇಗೆ ಗಂಟುಬಿತ್ತೆಂದರೆ, ಬಾಯಿ ಮುಚ್ಚಿಕೊಂಡಿರಲಾರದ ನನ್ನ ಸ್ವಭಾವದಿಂದ. ಆಸ್ಟಿನ್ನಿನ ನಮ್ಮ ಆಫೀಸು ಸ್ಕಾಟ್ಲೆಂಡಿನ ಒಂದು ದ್ವೀಪದ ಚಾರಿತ್ರಿಕ ನಕ್ಷೆ ಮಾಡುತ್ತಿತ್ತು. ಆ ದ್ವೀಪದಲ್ಲೇ ಹುಟ್ಟಿ, ಎಣ್ಣೆ ಕಂಪನಿಯ ಕೆಲಸಕ್ಕೆಂದು ಹ್ಯೂಸ್ಟನ್ನಿಗೆ ಬಂದು, ಈಗ ಅದರ ಪಕ್ಕದ ಸೈಪ್ರೆಸ್‌ನಲ್ಲಿ ನೆಲೆಸಿದ್ದ ಅಜ್ಜ ಒಬ್ಬರು ಸಿಕ್ಕರು. ಫೋನಿನಲ್ಲಿ ಅವರಿಗೆ ಕಿವಿ ಕೇಳಿಸದು. ನಾನೇ ಪ್ರತಿ ಶನಿವಾರ ಡ್ರೈವ್ ಮಾಡಿಕೊಂಡು ಹೋಗಿಬರುತ್ತೇನೆ ಎಂದುಬಿಟ್ಟೆ.

ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನ ನಮ್ಮ ಮನೆಗೆ ಬಂದಿದ್ದ ಅಮ್ಮನೂ ಪುಳಿಯೋಗರೆ ಡಬ್ಬಿ ಹಿಡಿದು ಕಾರು ಹತ್ತುತ್ತಿದ್ದಳು. ಮನೆಯಲ್ಲಿದ್ದರೆ ಗೋಡೆ ನೋಡಬೇಕು, ಕಾರಿನಲ್ಲಾದರೆ ದನಗಳನ್ನಾದರೂ ನೋಡಬಹುದು ಎಂಬುದು ಅವಳ ವಾದ. ಅಜ್ಜನಿಗೆ ಪುಳಿಯೋಗರೆ ಹಿಡಿಸಿಬಿಟ್ಟಿತು. ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಅವರಿಗೆ ನಕ್ಷೆಯಲ್ಲಿ ಬೇಕಾಗಿದ್ದುದು ಒಂದೇ ಹೆಸರು. ಬೇಸಿಗೆಯಲ್ಲಿ ಅವರ ಊರಿನ ಹೆಂಗಸರು ಮಕ್ಕಳ ಜೊತೆ ಹಸುಗಳನ್ನು ಹೊಡೆದುಕೊಂಡು ಗುಡ್ಡಕ್ಕೆ ಹೋಗಿ, ಅಲ್ಲೇ ಗುಡಿಸಲಲ್ಲಿ ಇರುತ್ತಿದ್ದರಂತೆ. ಅವರ ತಾಯಿಯ ಗುಡಿಸಲ ಮುಂದೆ, ಕರೆದ ಹಾಲನ್ನು ಆರಲಿಡುವ ಒಂದು ಕಲ್ಲಿತ್ತು. ಆ ಕಲ್ಲಿಗೊಂದು ಹೆಸರಿತ್ತು. ಅದೇ ಮರೆತುಹೋಗಿತ್ತು. ತಿಳಿದವರು ಇನ್ಯಾರೂ ಉಳಿದಿರಲಿಲ್ಲ, ಸೋಮವಾರ ನಕ್ಷೆಯ ಕೆಲಸ ಮುಗಿಯುವುದಿತ್ತು.

ಆ ಕೊನೆಯ ಶನಿವಾರವೂ ನಾನು ನಕ್ಷೆ ಹರಡಿ, ಮೇಲಿನಿಂದ ಕೆಳಕ್ಕೆ ಬೆರಳಿಡುತ್ತಾ, "ಇದೇನು? ಇದು?" ಎಂದು ಶುರುಮಾಡಿದೆ. ಅಜ್ಜ ಹಣೆ ಚಚ್ಚಿಕೊಂಡರು. ನನಗೂ ಸಿಟ್ಟು ನೆತ್ತಿಗೇರಿತ್ತು.

ಸೋಫಾದಿಂದ ಅಮ್ಮ ರೇಗಿದಳು: "ಅದೇನೇ, ಪರೀಕ್ಷೆಗೆ ಬಂದ ಇನ್‌ಸ್ಪೆಕ್ಟರ್ ಥರ ಕೇಳ್ತೀಯ? ಹದಿನೇಳರ ಮಗ್ಗಿ ಮಧ್ಯದಿಂದ ಹೇಳು ಅಂದ್ರೆ ನಂಗೂ ಬರಲ್ಲ. ಮೊದಲಿಂದ ಹೇಳ್ಕೊಂಡು ಹೋಗ್ಬೇಕು. ಅವ್ರು ಹಸು ಹೊಡ್ಕೊಂಡು ನಡೆದೋರು ತಾನೆ? ನಡೆಸು."

ಹಸು ಹೊಡೆದುಕೊಂಡು ಗುಡ್ಡಕ್ಕೆ ಹೋದ ಹಾಗೇ ನಡೆದು ತೋರಿಸಿ ಎಂದು ಅಜ್ಜನಿಗೆ ಹೇಳಿದೆ. ಅಜ್ಜ ಕೋಲು ತೆಗೆದುಕೊಂಡು ಎದ್ದೇಬಿಟ್ಟರು.

ಮುಂಬಾಗಿಲೇ ಅವರ ಹಳ್ಳಿಯ ಮನೆಯಾಯಿತು. ಪಕ್ಕದ ಗರಾಜಿನ ಹತ್ತಿರ ಕುದುರೆ ತೊರೆ ಸಿಕ್ಕಿತು. ಮೇಲ್‌ಬಾಕ್ಸುಗಳ ಬಳಿ ಕರುಗಳ ಗುಡ್ಡ; ಅಲ್ಲಿ ಕರುಗಳು ಮುಂದೆ ಹೋಗಲಾರೆವೆಂದು ಹಟ ಹಿಡಿಯುತ್ತಿದ್ದವಂತೆ. ಅಜ್ಜ ಇಲ್ಲದ ಹಸುವಿಗೆ "ಹೋ, ಹೋ" ಎಂದು ಕೋಲು ಬೀಸಿದರು. ಹುಲ್ಲಿಗೆ ನೀರು ಬಿಡುತ್ತಿದ್ದ ನೆರೆಯಾತ ಪೈಪು ಹಿಡಿದು ನಿಂತೇ ಇದ್ದ. ನಾನು ಹಿಂದಿನಿಂದ ರೆಕಾರ್ಡ್ ಮಾಡಿಕೊಳ್ಳುತ್ತಾ ಓಡಿದೆ. ತಿಂಗಳುಗಟ್ಟಲೆ ಬಾರದ ಹೆಸರುಗಳು ಸರಸರನೆ ಬರುತ್ತಿದ್ದವು.

ಬೀದಿ ಮುಗಿಯಿತು. ಕಲ್ಲಿನ ಹೆಸರು ಮಾತ್ರ ಬರಲಿಲ್ಲ. ಅಜ್ಜನ ಮುಖ ಬಾಡಿತು. ಬಿಸಿಲಿಗೆ ಸೋತ ಅಮ್ಮ "ಉಸ್ಸಪ್ಪಾ" ಎಂದು ಅಲ್ಲಿದ್ದ ಅಗಲ ಕಾಂಕ್ರೀಟ್ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಗಾಳಿ ಬೀಸಿಕೊಂಡಳು.

ಅಜ್ಜ ಅವಳನ್ನೇ ನೋಡಿದರು. ಆಮೇಲೆ ಮೆಲ್ಲನೆ ಅಂದರು: "ಲೆಹ್ಕ್ ಅ ವಾನ್ಯ." ಇನ್ನೊಮ್ಮೆ ಜೋರಾಗಿ ಹೇಳಿ, ಅರ್ಥವನ್ನೂ ಹೇಳಿದರು.

"ಏನಂತೆ?" ಎಂದಳು ಅಮ್ಮ.

"ಹಾಲಿನ ಚಪ್ಪಡಿ ಅಂತೆ ಕಣಮ್ಮ. ಸಿಕ್ತು!"

ಅಮ್ಮ ದಡಕ್ಕನೆ ಎದ್ದಳು. "ಅಯ್ಯೋ, ಹಾಲಿಡೋ ಜಾಗದ ಮೇಲೆ ಕೂತ್ಬಿಟ್ಟೆನಲ್ಲೇ!" ಎಂದು ಚಪ್ಪಲಿ ಕಳಚಿ, ಆ ಕಟ್ಟೆಯನ್ನು ಸೆರಗಿನಿಂದ ಒರೆಸತೊಡಗಿದಳು.

ನಾನು ಅದನ್ನು ಅಜ್ಜನಿಗೆ ವಿವರಿಸಿದೆ. ಅವರು ನಗುನಗುತ್ತಲೇ ಕಣ್ಣೊರೆಸಿಕೊಂಡರು, ಈ ಸಲ ಪುಳಿಯೋಗರೆ ತಿನ್ನದೆ. ಅಮ್ಮನ ಕೈಹಿಡಿದು ಮತ್ತೆ ಅಲ್ಲೇ ಕೂರಿಸಿದರು.

"ಕೂರಲಿ ಬಿಡು," ಎಂದರು ನನಗೆ. "ನಡೆದು ಸುಸ್ತಾದರೆ ನಮ್ಮಮ್ಮನೂ ಅಲ್ಲೇ ಕೂರುತ್ತಿದ್ದಳು."