ಪಾದರಕ್ಷೆ ಬಿಚ್ಚಿ ಒಳಗೆ ಬನ್ನಿ

ಮೂರು ವರ್ಷದ ಕೂಸಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸೋತುಹೋಯಿತು. ಆಮೇಲೆ ನನ್ನನ್ನು ನಿಲ್ಲಿಸಿದ್ದು ಕ್ಯಾಲಿಪರ್ ಅನ್ನೋ ಕಬ್ಬಿಣದ ಚೌಕಟ್ಟು. ತೊಡೆಯಿಂದ ಹಿಮ್ಮಡಿವರೆಗೆ ಎರಡು ಸರಳು, ಅಲ್ಲಲ್ಲಿ ಚರ್ಮದ ಪಟ್ಟಿ, ಮೊಣಕಾಲಿನ ಹತ್ತಿರ, ಕೂಡ್ರುವಾಗ ಬಿಚ್ಚಿ ನಿಲ್ಲುವಾಗ ಹಾಕೋ ಒಂದು ಕೊಂಡಿ. ಸರಳಿನ ತುದಿಗಳು ದಪ್ಪ ಕರೀ ಬೂಟಿನ ಹಿಮ್ಮಡಿಯೊಳಗೆ ಸೇರಿಕೊಂಡಿರ್ತವೆ. ಬೂಟು ಬಿಚ್ಚಿದರೆ ಚೌಕಟ್ಟೇ ಬಿಚ್ಚಬೇಕು, ಚೌಕಟ್ಟು ಬಿಚ್ಚಿದರೆ ನಾನು ನೆಲಕ್ಕೆ. ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ, ಇಷ್ಟು ಸಣ್ಣ ವಿಷಯ ನಾನು ಓದಿದ ಕಾಲೇಜಿನಲ್ಲಿ ಒಂದು ಇಡೀ ವರ್ಷ ಯಾರ ತಲೆಗೂ ಹೋಗಲಿಲ್ಲ.

ನಮ್ಮದು ಹರಿಹರ. ಅಪ್ಪನದು ಬಸ್ ಸ್ಟ್ಯಾಂಡಿನ ಹಿಂದೆ ಕಿರಾಣಿ ಅಂಗಡಿ. ನಾನು ದಿನಾ ಬಸ್ಸು ಹತ್ತಿ ದಾವಣಗೆರೆಗೆ ಹೋಗಿ ಬಿ.ಕಾಂ. ಓದ್ತಿದ್ದೆ. ತೊಂಬತ್ತರ ದಶಕದ ಕೊನೆ ಅದು. ಆಗ ಕಾಲಿಲ್ಲದವರು, ಕಣ್ಣಿಲ್ಲದವರು ಅಂದ್ರೆ ಊರಿನೋರಿಗೆಲ್ಲ ನೆನಪಾಗ್ತಿದ್ದದ್ದು ಒಂದೇ, ಎಸ್‌ಟಿಡಿ ಬೂತು. ನಮ್ಮಂಥವರಿಗೆ ಅದರ ಪರವಾನಗಿ ಸುಲಭವಾಗಿ ಸಿಗ್ತಿತ್ತು. ಅಪ್ಪ ಅಂಗಡಿಗೆ ಅಂಟಿಕೊಂಡೇ ಜಾಗ ನೋಡಿಟ್ಟಿದ್ದ. ಡಿಗ್ರಿ ಮುಗಿದ ಕೂಡಲೇ ನನ್ನನ್ನ ಅಲ್ಲಿ ಕೂಡ್ರಿಸೋದು ಅಂತ ಮನೇಲಿ ತೀರ್ಮಾನ ಆಗಿಹೋಗಿತ್ತು. ಕೂತಲ್ಲೇ ಕೆಲಸ, ಯಾರಿಗೂ ಭಾರ ಆಗಲ್ಲ ಅಂತ ಅಜ್ಜಿ ಬಂದವರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ಲು. ನನಗೆ ಮೈಯೆಲ್ಲ ಉರಿಯೋದು. ಊರಿನವರೆಲ್ಲ ಬಂದು ದೂರದೂರಿಗೆ ಫೋನಿನಲ್ಲಿ ಮಾತಾಡಿ ಹೋಗೋದು, ನಾನು ಮಾತ್ರ ಕೂತಲ್ಲಿಂದ ಕದಲದೆ ಮುದುಕಿ ಆಗೋದು. ಇದಕ್ಕಾ ನಾನು ಓದಿದ್ದು?

ಆ ವರ್ಷ ದಾವಣಗೆರೆಯ ಒಂದು ಸಹಕಾರಿ ಬ್ಯಾಂಕಿನವರು ಕಂಪ್ಯೂಟರ್ ತರಿಸ್ತಿದ್ರು. ಕಂಪ್ಯೂಟರ್ ಬಲ್ಲ ಹುಡುಗ ಹುಡುಗೀರನ್ನ ತಗೋತಾರೆ, ಅಂಗವಿಕಲರಿಗೂ ಜಾಗ ಇಟ್ಟಿದ್ದಾರೆ ಅಂತ ಸುದ್ದಿ ಬಂತು. ನಾನು ಹಟ ಹಿಡಿದೆ, ಒಂದು ದಿನ ಊಟ ಬಿಟ್ಟೆ. ಕೊನೆಗೆ ಅಪ್ಪ ಒಪ್ಪಿದ. ಬ್ಯಾಂಕಿನ ಕೆಲಸ ಸಿಕ್ಕಿದರೆ ಸರಿ, ಸಿಗಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಬೂತಿನಲ್ಲಿ ಕೂಡ್ರಬೇಕು, ಇನ್ನೊಂದು ಮಾತಿಲ್ಲ ಅಂದ. ನಾನೂ ಹೂಂ ಅಂದೆ. ಕಂಪ್ಯೂಟರ್ ಕಲಿಯೋದೇನು ಮಹಾ, ಕೈಯಿಂದ ಮಾಡೋ ಕೆಲಸ, ನನ್ನ ಕೈ ಗಟ್ಟಿಯಾಗೇ ಇದ್ವು.

ಕಾಲೇಜಿನಲ್ಲೂ ಕೊನೇ ವರ್ಷದವರಿಗೆ ಅದೇ ವರ್ಷ ಕಂಪ್ಯೂಟರ್ ಪೇಪರ್ ಕಡ್ಡಾಯ ಮಾಡಿದ್ರು. ಪಾಠಕ್ಕೆ ಪುಸ್ತಕ ಇರಲಿಲ್ಲ. ಪಾಠ ಬೆಂಗಳೂರಿಂದ ಟೆಲಿಫೋನ್ ತಂತಿಯಲ್ಲಿ ಬಂದು ಕೋಣೆಯ ದೊಡ್ಡ ಕಂಪ್ಯೂಟರಿಗೆ ಇಳಿಯೋದು. ನಮ್ಮ ನಮ್ಮ ಹೆಸರು ಒತ್ತಿದರೆ ಪರದೆ ಮೇಲೆ ತೆರೆಯೋದು, ಪರೀಕ್ಷೆಯನ್ನೂ ಅದರಲ್ಲೇ ಬರೆದು ತಂತಿಯಲ್ಲೇ ವಾಪಸ್ ಕಳಿಸೋದು. ಆನ್‌ಲೈನ್ ಅನ್ನೋ ಮಾತನ್ನ ನಾನು ಮೊದಲು ಕೇಳಿದ್ದು ಆಗಲೇ. ಇನ್ನು ಮೇಲೆ ಎಲ್ಲಿ ಕೂತವರಿಗೂ ಪಾಠ ಸಿಗ್ತದೆ, ಯಾರೂ ಎಲ್ಲಿಗೂ ಹೋಗೋದೇ ಬೇಕಿಲ್ಲ ಅಂತ ಪ್ರಿನ್ಸಿಪಾಲರು ಭಾಷಣ ಮಾಡಿದ್ರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೆ.

ಕೋಣೆ ನೆಲಮಹಡಿಯಲ್ಲೇ ಇತ್ತು. ಮೆಟ್ಟಿಲಿಲ್ಲ ಅಂತ ಖುಷಿಪಟ್ಟೆ, ನೋಡ್ರಿ ನನ್ನ ಹಣೆಬರಹ. ಗಾಜಿನ ಬಾಗಿಲು, ಒಳಗೆ ಏಸಿ, ಹೊಳೆಯೋ ಪ್ಲಾಸ್ಟಿಕ್ ಹಾಳೆ ಹಾಸಿದ ನೆಲ. ದೊಡ್ಡ ಕಂಪ್ಯೂಟರಿನ ಮೇಲೆ ಸರಸ್ವತಿ ಫೋಟೊ, ಶುಕ್ರವಾರ ಶುಕ್ರವಾರ ಪ್ರತಿ ಯಂತ್ರದ ಹಣೆಗೂ ವಿಭೂತಿ, ಮೇಲೊಂದು ಸೇವಂತಿಗೆ. ಬಾಗಿಲಿಗೆ ಒಂದು ಬೋರ್ಡು, ಪಾದರಕ್ಷೆ ಬಿಚ್ಚಿ ಒಳಗೆ ಬನ್ನಿ. ಧೂಳು ಹೋದರೆ ಕಂಪ್ಯೂಟರ್ ಕೆಡ್ತದೆ ಅಂತ ಆಗ ಎಲ್ಲರೂ ನಂಬಿದ್ರು. ವಿದ್ಯೆ ಇರೋ ಜಾಗಕ್ಕೆ ಚಪ್ಪಲಿ ಮೆಟ್ಕೊಂಡು ಹೋಗಬಾರದು ಅಂತ ನಮ್ಮವ್ವ ನನಗೂ ಕಲಿಸಿದ್ದಳು. ಹಾಗಾಗಿ ಬೋರ್ಡು ಓದಿ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ.

ಕಂಪ್ಯೂಟರ್ ಮೇಷ್ಟ್ರು ಎಳೇ ವಯಸ್ಸಿನವರು, ಕೆಟ್ಟವರಲ್ಲ. ಬೂಟು ಬಿಚ್ಚಿ ಬಾ ಅಂದ್ರು. ಇದು ಬಿಚ್ಚೋಕಾಗಲ್ಲ ಸರ್ ಅಂದೆ. ಬಿಚ್ಚಿಟ್ಟು ಗೋಡೆ ಹಿಡ್ಕೊಂಡು ನಿಧಾನಕ್ಕೆ ಬಾ, ಅವಸರ ಇಲ್ಲ ಅಂತ ಪ್ರೀತಿಯಿಂದಲೇ ಹೇಳಿದ್ರು. ಅದನ್ನ ಬಿಚ್ಚಬೇಕಾದರೆ ತೊಡೆವರೆಗೆ ಬಟ್ಟೆ ಸರಿಸಬೇಕು ಅಂತ, ಚಪ್ಪಲಿ ಬಿಡ್ತಾ ನಿಂತ ಗಂಡುಹುಡುಗರ ನಡುವೆ ನಿಂತು, ಒಬ್ಬ ಗಂಡಸಿಗೆ ಹೆಂಗೆ ಹೇಳಲಿ? ಕಿವಿವರೆಗೆ ಕೆಂಪಗಾಯಿತು. ಆಗಲ್ಲ ಅಂದ್ರೆ ಆಗಲ್ಲ ಸರ್ ಅಂದೆ, ಸ್ವಲ್ಪ ಗಡುಸಾಗಿಯೇ. ಈ ಹುಡುಗಿಗೆ ಸೊಕ್ಕು ಅಂತ ಅವರಿಗೆ ಅನಿಸಿರಬೇಕು.

ಮನೆಗೆ ಬಂದು ಅತ್ತುಬಿಟ್ಟೆ. ಅವ್ವ ಹೊಸ ಬಿಳೀ ಬಟ್ಟೆ ತಗೊಂಡು ಬೂಟಿನ ಅಳತೆಗೆ ಒಂದು ಚೀಲ ಹೊಲಿದಳು. ಬಾಯಿಗೆ ದಾರ, ಎಳೆದು ಕಟ್ಟಿದರೆ ಬೂಟು ಒಳಗೆ. ಮಡಿ ಬಟ್ಟೆ ಐತೆ ಅಂತ ಹೇಳು, ದೇವರೂ ಬ್ಯಾಡ ಅನ್ನಲ್ಲ ಅಂದಳು. ಮರುದಿನ ಚೀಲ ತೋರಿಸಿದೆ. ಮೇಷ್ಟ್ರಿಗೂ ಸಮಾಧಾನ ಆಯ್ತು. ಪಾಪ, ಬಾಗಿಲು ತೆರೆದು ಹಿಡಿದು ನಿಂತರು.

ಆ ನೆಲದ ಬಗ್ಗೆ ಅವ್ವಂಗೆ ಏನು ಗೊತ್ತು? ಹೊಳೆಯೋ ಹಾಳೆಯ ಮೇಲೆ ಬಟ್ಟೆ ನಿಲ್ಲಲೇ ಇಲ್ಲ. ಎರಡು ಹೆಜ್ಜೆ ಇಡೋದ್ರೊಳಗೆ ಕಬ್ಬಿಣದ ಕಾಲು ಮುಂದಕ್ಕೆ ಜಾರಿ ನಾನು ಹಿಂದಕ್ಕೆ ಬಿದ್ದೆ. ಬೀಳ್ತಾ ಮೇಜಿನ ತುದಿ ಹಿಡಿದೆ, ಒಂದು ಕೀಬೋರ್ಡು ನನ್ನ ಮೇಲೆ ಬಿತ್ತು. ಹುಡುಗೀರು ಓಡಿಬಂದು ಎತ್ತಿದ್ರು. ಮೇಷ್ಟ್ರು ಓಡಿಬಂದು ಕೀಬೋರ್ಡ್ ಎತ್ತಿದ್ರು. ಅವರ ಮುಖ ಬಿಳುಚಿಕೊಂಡಿತ್ತು. ಏನಾದ್ರೂ ಹೆಚ್ಚುಕಡಿಮೆ ಆಗಿದ್ರೆ ನಾನು ಯಾರಿಗೆ ಉತ್ತರ ಕೊಡಲಿ ತಾಯಿ ಅಂದ್ರು. ಆ ಕೋಣೆಯೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು, ಅದೇ ಕೊನೆ.

ಆಮೇಲೆ ಪ್ರಿನ್ಸಿಪಾಲರು ಅಪ್ಪನನ್ನೂ ನನ್ನನ್ನೂ ಕರೆಸಿ ಕುರ್ಚಿ ಕೊಟ್ಟು ಕೂಡ್ರಿಸಿದ್ರು. ಬೂಟಿನಲ್ಲೇ ಹೋಗ್ತೀನಿ ಸರ್, ಬೇಕಾದ್ರೆ ತಳ ಒರೆಸಿ ಹೋಗ್ತೀನಿ ಅಂತ ಬೇಡ್ಕೊಂಡೆ. ಇವತ್ತು ನಿನ್ನನ್ನ ಬಿಟ್ರೆ ನಾಳೆ ಎಲ್ಲರೂ ಚಪ್ಪಲಿ ಮೆಟ್ಟಿ ನುಗ್ತಾರೆ ಅಂದ್ರು. ಒಂದು ಯಂತ್ರ ವರಾಂಡಕ್ಕೆ ತಂದಿಡ್ರಿ ಅಂದೆ. ತಂತಿ ಅಷ್ಟು ಉದ್ದ ಇಲ್ಲ, ಧೂಳು ಬೇರೆ ಅಂದ್ರು. ಕೊನೆಗೆ ಅವರೇ ಒಂದು ದಾರಿ ಹುಡುಕಿದ್ರು. ನನ್ನ ಹೆಸರಿನಲ್ಲಿ ನನ್ನ ಕ್ಲಾಸಿನ ಗೆಳತಿ ಒಳಗೆ ಕೂಡ್ರೋದು, ನಾನು ಹೊರಗೆ ಗಾಜಿನ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂಡ್ರೋದು. ಹಾಜರಿ ಬೀಳ್ತದೆ, ಪರೀಕ್ಷೇನೂ ಅವಳೇ ಒತ್ತುತ್ತಾಳೆ. "ನೀನು ಪಾಸಾದೆ ಅಂತ ತಿಳ್ಕೊಳವಾ, ಚಿಂತಿ ಬಿಡು," ಅಂದ್ರು. ಅಪ್ಪ ಆ ಮಾತು ಕೇಳಿ ಅವರಿಗೆ ಕೈಮುಗಿದ. ನನಗೆ ಅವರ ಮೇಜು ಎತ್ತಿಹಾಕಬೇಕು ಅನ್ನಿಸ್ತು. ಆದರೆ ಆ ಪೇಪರ್ ಇಲ್ಲದೆ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದೆ ಬ್ಯಾಂಕಿನವರು ಕರೆಯಲ್ಲ. ಎಲ್ಲಿ ತಿರುಗಿದ್ರೂ ಗೋಡೆ. ತಲೆ ತಗ್ಗಿಸಿ ಬಂದೆ.

ಗೆಳತಿ ಶಾಮನೂರಿನವಳು, ಒಕ್ಕಲುಮನೆ ಹುಡುಗಿ, ಬಾಯಿ ಜೋರು, ಮನಸ್ಸು ಬೆಣ್ಣೆ. ಮೊದಲು ತನ್ನ ಹೆಸರು ಒತ್ತಿ ಪಾಠ ಮುಗಿಸ್ತಿದ್ಲು, ಆಮೇಲೆ ನನ್ನ ಹೆಸರು ಒತ್ತಿ ಅದನ್ನೇ ಇನ್ನೊಮ್ಮೆ. ನಾನು ಹೊರಗೆ ಸ್ಟೂಲಿನ ಮೇಲೆ. ಬಾಗಿಲಿನಿಂದ ನನಗೆ ಕಾಣ್ತಿದ್ದದ್ದು ಅವಳ ಬೆನ್ನು, ಎರಡು ಜಡೆ. ಪರದೆ ಅವಳ ಆಚೆ. ಏಸಿಯ ತಣ್ಣನೆ ಗಾಳಿ ಬಾಗಿಲ ಸಂದಿಯಿಂದ ಪಾದಕ್ಕೆ ಬಡಿಯೋದು, ನಾನು ವರಾಂಡದ ಸೆಕೆಯಲ್ಲಿ ಬೆವರ್ತಾ ಕೂತಿರ್ತಿದ್ದೆ. ಹೋಗಿಬರೋರು ಸ್ಟೂಲು ನೋಡಿ, ನಾನು ಚಪ್ಪಲಿ ಕಾಯೋಳು ಅಂದ್ಕೊಂಡು, ಅಕ್ಕಾ ಸ್ವಲ್ಪ ನೋಡ್ಕೊಳ್ರಿ ಅಂತ ಹೇಳಿ ಹೋಗ್ತಿದ್ರು. ಒಬ್ಬನಿಗೆ ಚೆನ್ನಾಗಿ ಉಗಿದೆ. ಅವನು ಬೆಪ್ಪಾಗಿ ಚಪ್ಪಲಿ ಕೈಯಲ್ಲಿ ಹಿಡ್ಕೊಂಡೇ ಒಳಗೆ ಹೋದ.

ಕ್ಯಾಂಟೀನಿನಲ್ಲಿ ಗೆಳತಿ ನನಗೆ ಕಲಿಸೋಕೆ ನೋಡ್ತಿದ್ಲು. ಚಹಾ ಲೋಟ ಬೋರಲು ಹಾಕಿ, ಇದು ಮೌಸ್ ಅಂತ ತಿಳ್ಕೊಳೇ, ಹಿಂಗೆ ಸರಿಸಿದ್ರೆ ಪರದೆ ಮೇಲೆ ಒಂದು ಬಾಣ ಓಡ್ತೈತೆ ಅನ್ನೋಳು. ಎಲ್ಲಿ ಓಡ್ತೈತೆ, ಎಷ್ಟು ದೂರ ಓಡ್ತೈತೆ ಅಂತ ಕೇಳಿದ್ರೆ ಅವಳಿಗೆ ಹೇಳೋಕೆ ಬರ್ತಿರಲಿಲ್ಲ. ಅದು ನೋಡಿದ್ರೇ ಗೊತ್ತಾಗೋದೇ ಅಂತ ತಲೆ ಕೆರ್ಕೋತಿದ್ಲು. ನಾನು ಲೋಟ ತಳ್ಳಿ, ನೀನೇ ಹೋಗಿ ಬ್ಯಾಂಕಿನಲ್ಲೂ ನನ್ನ ಹೆಸರಲ್ಲಿ ಕೂಡ್ರು ಹೋಗು ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನಾನೇ ಹೋಗಿ ಕೈ ಹಿಡ್ಕೊಂಡೆ, ಅವಳದೇನು ತಪ್ಪು? ಹೊರಗೆಲ್ಲಾದರೂ ಕಲಿಯೋಣ ಅಂದ್ರೆ, ಕಂಪ್ಯೂಟರ್ ಕಲಿಸೋ ಅಂಗಡಿಗಳೆಲ್ಲ ಮಹಡಿ ಮೇಲೆ, ಅಲ್ಲೂ ಬಾಗಿಲಲ್ಲಿ ಚಪ್ಪಲಿ ರಾಶಿ.

ಪರೀಕ್ಷೆಯಲ್ಲಿ ನನಗೆ ಅವಳಿಗಿಂತ ಹೆಚ್ಚು ಅಂಕ ಬಂತು. ತನ್ನದು ಮುಗಿಸಿ ಎರಡನೇ ಸಲ ನನ್ನದಕ್ಕೆ ಕೂತಿದ್ಲಲ್ಲ, ಪ್ರಶ್ನೆಗಳೆಲ್ಲ ಬಾಯಿಪಾಠ ಆಗಿದ್ವು. ಮನೇಲಿ ಅವ್ವ ಹೋಳಿಗೆ ಮಾಡಿದ್ಲು. ಅಪ್ಪ ಅಂಗಡಿಗೆ ಬಂದೋರಿಗೆಲ್ಲ ಮಗಳು ಕಂಪ್ಯೂಟರಿನಲ್ಲಿ ಫಸ್ಟ್ ಕ್ಲಾಸ್ ಅಂದ. ನನ್ನ ಪಾಲಿನ ಹೋಳಿಗೇನ ಗೆಳತಿಗೆ ಅಂತ ಕಟ್ಟಿಟ್ಟೆ. ಸ್ವಲ್ಪ ದಿನಕ್ಕೆ ಬ್ಯಾಂಕಿನಿಂದ ಕರೆ ಬಂತು. ಬರೀ ಮಾತಿನ ಸಂದರ್ಶನ ಇರಬಹುದು, ಕೆಲಸ ಸಿಕ್ಕಮೇಲೆ ಕಲ್ತರಾಯ್ತು ಅಂತ ನನಗೆ ನಾನೇ ಧೈರ್ಯ ಹೇಳ್ಕೊಂಡು ಹೋದೆ.

ಬ್ಯಾಂಕಿನ ವರಾಂಡದ ಬೆಂಚಿನಲ್ಲಿ ನನ್ನ ವಯಸ್ಸಿನವನೇ ಒಬ್ಬ ಕೂತಿದ್ದ. ಪಕ್ಕದಲ್ಲಿ ಎರಡು ಊರುಗೋಲು. ಮಾಯಕೊಂಡದವನಂತೆ. ಅವನ ಮಾವನ ಮನೇಲಿ ಹಳೇ ಕಂಪ್ಯೂಟರ್ ಇತ್ತಂತೆ, ಎರಡು ವರ್ಷ ಹಗಲೆಲ್ಲ ಅದರ ಮುಂದೇ ಕೂತು ಕಲ್ತನಂತೆ. ಅಂಗವಿಕಲರು ಅಂತ ಕರೆದದ್ದು ನಮ್ಮಿಬ್ಬರನ್ನೇ, ಜಾಗಾನೂ ಎರಡೇ ಅದಾವಂತೆ ಅಂತ ನಗ್ತಾ ಹೇಳಿದ. ಪರೀಕ್ಷೆ ಯಂತ್ರದ ಮೇಲೇ ಮಾಡ್ತಾರಂತ್ರೀ, ಬರೀ ಮಾತಿಲ್ಲ ಅಂತಲೂ ಅವನೇ ಹೇಳಿದ. ಅವನಿಗೆ ಅದೇ ಸಂತೋಷ.

ಮೊದಲು ನನ್ನನ್ನೇ ಕರೆದರು. ಬಾಗಿಲಲ್ಲಿ ಬೋರ್ಡಿರಲಿಲ್ಲ. ಬೂಟು ಹಾಕ್ಕೊಂಡೇ ಸೀದಾ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ, ಯಾರೂ ತಡೀಲಿಲ್ಲ. ವಯಸ್ಸಾದ ಮ್ಯಾನೇಜರು, ಹಣೆತುಂಬ ವಿಭೂತಿ, ಮೆತ್ತನೆ ಮಾತು. ಒಂದು ನಾಲ್ಕು ಸಾಲಿನ ಕಾಗದ ಕೊಟ್ಟು, ಇದನ್ನ ಟೈಪ್ ಮಾಡಿ ಒಳಗೆ ಉಳಿಸವಾ ಅಂದ್ರು. ಪರದೆ ತುಂಬ ಏನೇನೋ ಚಿತ್ರ. ಯಾವುದನ್ನ ತೆರೀಬೇಕು? ಮೌಸ್ ಹಿಡಿದೆ. ಬಾಣ ಎಲ್ಲೋ ಮೂಲೆಗೆ ಓಡಿಹೋಯ್ತು, ಎಷ್ಟು ಎಳೆದರೂ ವಾಪಸ್ ತರೋಕೆ ಗೊತ್ತಾಗಲಿಲ್ಲ. ಗಾಬರಿಯಲ್ಲಿ ಪರದೆ ಕೆಳಗೆ ಕಂಡ ಗುಂಡಿ ಒತ್ತಿಬಿಟ್ಟೆ. ಪರದೆ ಕಪ್ಪಾಯಿತು. ನಾನು ಅದನ್ನ ಕೆಡಿಸಿಬಿಟ್ಟೆ ಅಂದ್ಕೊಂಡು ಕೈ ಎರಡೂ ಮಡಿಲಿಗೆ ಎಳ್ಕೊಂಡು ಕೂತೆ.

ಮ್ಯಾನೇಜರು ನನ್ನ ಅಂಕಪಟ್ಟಿ ನೋಡಿದ್ರು, ನನ್ನನ್ನ ನೋಡಿದ್ರು, ಆಮೇಲೆ ನನ್ನ ಬೂಟು ನೋಡಿದ್ರು. ಕಾಲು ನೋಯ್ತೈತಾ ಅಂದ್ರು. ಸಾಕಾಗಿತ್ತು ನನಗೆ. ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಬೋರ್ಡು, ಸ್ಟೂಲು, ಗಾಜಿನ ಬಾಗಿಲು, ನನ್ನ ಹೆಸರಿನಲ್ಲಿ ಬೇರೆಯವಳು ಬರೆದದ್ದು, ಎಲ್ಲ. ಅವರು ಪೂರ್ತಿ ಕೇಳಿ ಅಂಕಪಟ್ಟಿ ಮಡಚಿ ನನ್ನ ಕೈಗೆ ಕೊಟ್ರು.

"ಇದನ್ನ ನಾ ಕೇಳಿಸ್ಕೊಂಡಿಲ್ಲ ಅಂತ ತಿಳ್ಕೊಳವಾ," ಅಂದ್ರು. "ಬರ್ಕೊಂಡ್ರೆ ನಿನ್ನ ಡಿಗ್ರೀನೂ ಹೋಗ್ತೈತೆ, ಆ ಹುಡುಗೀದೂ ಹೋಗ್ತೈತೆ. ಕಾಲಿನ ತ್ರಾಸಿಂದ ಕೆಲಸ ಆಗಂಗಿಲ್ಲ ಅಂತ ಬರೀತೀನಿ. ಯಾರಿಗೂ ತೊಂದ್ರೆ ಇಲ್ಲ."

"ಕಾಲಿಗೂ ಇದಕ್ಕೂ ಏನ್ರೀ ಸಂಬಂಧ? ನನಗೆ ಕಲಿಸಿಲ್ಲ, ಅಷ್ಟೇ," ಅಂದೆ. ನನ್ನ ದನಿ ಹೊರಗೆ ಕೌಂಟರಿನವರೆಗೂ ಕೇಳಿಸಿರಬೇಕು.

ಅವರಿಗೆ ಸಿಟ್ಟೇ ಬರಲಿಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ ಅಂತ ಬರೆದೇಬಿಟ್ರು. ಬರೆದು ಗುಮಾಸ್ತನನ್ನ ಕರೆದು ಮೆಲ್ಲಗೆ ಏನೋ ಹೇಳಿದ್ರು. ಶಾಮನೂರಿನಲ್ಲಿ ಗೆಳತಿಗೆ ಅದೇ ತಿಂಗಳು ಗಂಡು ನೋಡಿ ಹೋಗಿದ್ರು, ಡಿಗ್ರಿ ಆದ ಹುಡುಗಿ ಅಂತಲೇ ಒಪ್ಪಿದ್ರು. ನಾನು ಜಗಳಕ್ಕೆ ನಿಂತರೆ ಅದೂ ಮುರೀತದೆ. ಎದ್ದು ಮೊಣಕಾಲಿನ ಕೊಂಡಿ ಹಾಕ್ಕೊಂಡು ಹೊರಗೆ ಬಂದೆ.

ಗುಮಾಸ್ತ ನನ್ನ ಹಿಂದೆಯೇ ಬಂದ. ಮಾಯಕೊಂಡದ ಹುಡುಗ ತನ್ನ ಸರದಿ ಅಂತ ಅಂಗಿ ಸರಿಮಾಡ್ಕೊಂಡು ಊರುಗೋಲು ಊರಿ ಎದ್ದು ನಿಂತಿದ್ದ. ಗುಮಾಸ್ತ ಅವನ ಹೆಗಲ ಮೇಲೆ ಕೈಯಿಟ್ಟು, ನೀವು ಒಳಗೆ ಬಂದು ತ್ರಾಸು ಮಾಡ್ಕೊಳ್ಳೋದು ಬ್ಯಾಡಂತ್ರೀ, ಈ ಕೆಲಸ ನಿಮ್ಮಂಥೋರಿಗೆ ಕಷ್ಟ ಅಂತ ಈಗ ಸಾಹೇಬ್ರೇ ನೋಡಿದ್ರು, ಬಿಸಿಲು ಏರೋದ್ರೊಳಗೆ ಬಸ್ಸು ಹಿಡೀರಿ ಅಂದ.

ಹುಡುಗ ನನ್ನ ಕಡೆ ತಿರುಗಿ, ಒಳಗೆ ಏನಾತ್ರೀ ಅಂತ ಕೇಳಿದ. ಗುಮಾಸ್ತ ಅಲ್ಲೇ ನಿಂತಿದ್ದ. ನನ್ನ ಕಾಲು ನೋಯ್ತಿತ್ತು ಅಂದೆ.

"ನಿಮ್ಮ ಕಾಲು ನೋಯ್ತಿದ್ರೆ ನನ್ನನ್ಯಾಕ್ರೀ ಕಳಿಸ್ತಾರೆ?" ಅಂದ.