ಆಯ್ತಪ್ಪನ ಪ್ರೋಗ್ರಾಂ

ಮನೆಮನೆಗೆ ಔಷಧಿ ಕಳಿಸುವ ನಮ್ಮ ಕಂಪನಿಯಲ್ಲಿ ನಾನು ಕೂಳಿಗೆ ದಂಡ, ಭೂಮಿಗೆ ಭಾರ. ನನ್ನ ಮೇಲಿನ ಅಧಿಕಾರಿಯೋ ಕುರ್ಚಿಗೂ ಭಾರ. ಹೇಳಿದ್ದು ಮುಗಿಯುವ ಮೊದಲೇ ‘ಆಯ್ತಪ್ಪ’ ಎನ್ನುತ್ತಿದ್ದುದರಿಂದ ಅವನಿಗೆ ಅದೇ ಹೆಸರು ನಿಂತಿತು. ಅವನು ಬರೆದ ಪ್ರೋಗ್ರಾಂಗೂ ಹೆತ್ತವನ ಬುದ್ಧಿಯೇ. ಬಂದ ಆರ್ಡರುಗಳು ಕಂಪ್ಯೂಟರಿನಲ್ಲಿ ಸರದಿ ಕಾಯುವ ಕ್ಯೂನಿಂದ ಒಂದನ್ನು ಎತ್ತಿಕೊಂಡ ಕೂಡಲೇ, ಗೋದಾಮಿಗೆ ತಿಳಿಸುವ ಮೊದಲೇ, ಅದು ‘ಆಯ್ತು’ ಎನ್ನುತ್ತಿತ್ತು. ಕೆಲಸ ಮುಗಿಯಿತೆಂದು ನಂಬಿದ ಕ್ಯೂ ಆರ್ಡರನ್ನು ಅಳಿಸಿಬಿಡುತ್ತಿತ್ತು.

“ಸಾರ್, ಗೋದಾಮಿಗೆ ಮುಟ್ಟಿದ ಮೇಲೆ ಆಯ್ತು ಅನ್ನಬೇಕು. ನಡುವೆ ಪ್ರೋಗ್ರಾಂ ಸತ್ರೆ ಆರ್ಡರೂ ಅದರ ಜೊತೆ ಹೋಗುತ್ತೆ,” ಎಂದೆ.

“ಆಯ್ತಪ್ಪ,” ಎಂದು ಮತ್ತೆ ಮೊಬೈಲು ನೋಡತೊಡಗಿದ.

ನಿನ್ನೆ ಮಧ್ಯಾಹ್ನ ಪ್ರೋಗ್ರಾಂ ಸತ್ತೇ ಹೋಯಿತು. ಜೊತೆಗೆ ಹೋದ ಆರ್ಡರುಗಳಲ್ಲಿ ಅವನ ಅತ್ತೆಯ ಇನ್ಸುಲಿನ್ನೂ ಒಂದು. ಸಂಜೆ ಅವನ ಹೆಂಡತಿ ಫೋನು ಮಾಡಿದಾಗ ಆಕೆಯ ದನಿ ನನ್ನ ಮೇಜಿನವರೆಗೂ ಕೇಳಿಸಿತು.

“ಅಮ್ಮನ ಇನ್ಸುಲಿನ್ ಎಲ್ರೀ? ಬೆಳಿಗ್ಗೆ ಆಯ್ತು ಅಂದ್ರಲ್ಲ?”

“ಆಯ್ತು ಅಂದ್ರೆ, ಕೇಳಿಸ್ಕೊಂಡೆ ಅಂತ ಕಣೇ.”

“ನಮ್ಮ ಮದುವೆ ಆಯ್ತು ಅಂದಾಗ್ಲೂ ಬರೀ ಕೇಳಿಸ್ಕೊಂಡಿದ್ದಾ? ಅಮ್ಮ ಬಾಗಿಲಲ್ಲೇ ಕೂತಿದ್ದಾರೆ.”

ಅವನು ತಾನೇ ಗೋದಾಮಿಗೆ ಹೊರಟ. ಹೋಗುತ್ತಾ, “ಪ್ರೋಗ್ರಾಂನಲ್ಲಿ ಆ ‘ಆಯ್ತು’ ಅನ್ನೋ ಸಾಲನ್ನ ಕೊನೆಗೆ ಹಾಕಿಬಿಡು ಮಾರಾಯ,” ಎಂದ.

“ಹಾಕಿದ ಮೇಲೆ ಹೇಳ್ತೀನಿ ಸಾರ್,” ಎಂದೆ.